ಫಿಲಮೆಂಟ್ ಬಲ್ಬೋ, ನಿಯಾನ್ ಇಂಡಿಕೇಟರೋ: ಎಲ್ಲಿಗೆ ಯಾವುದು?

ಕೋಣೆಗೆ ಬೆಳಕು ಬೇಕಿದ್ದರೆ ಎಲ್‌ಇಡಿ ತಂದು ಹಾಕಿ, ಅಲ್ಲಿಗೆ ಮುಗಿಯಿತು. 60 ವ್ಯಾಟಿನ ಗುಂಡು ಬಲ್ಬ್ ಕೊಡುವ ಸುಮಾರು 700 ಲ್ಯೂಮೆನ್ ಬೆಳಕನ್ನು ಎಂಟು-ಒಂಬತ್ತು ವ್ಯಾಟಿನ ಎಲ್‌ಇಡಿ ಕೊಡುವಾಗ ಚರ್ಚೆಗೆ ಏನೂ ಉಳಿದಿಲ್ಲ. ಆದರೂ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಫಿಲಮೆಂಟ್ ಬಲ್ಬೂ ನಿಯಾನ್ ಇಂಡಿಕೇಟರೂ ಇವತ್ತಿಗೂ ಖರ್ಚಾಗುತ್ತಿವೆ. ಪಂಪ್‌ಸೆಟ್ ಬೋರ್ಡಿಗೆ, ರಿಪೇರಿ ಮೇಜಿಗೆ, ಸ್ವಿಚ್‌ಬೋರ್ಡಿಗೆ, ಕೋಳಿಮರಿ ಗೂಡಿಗೆ ಎಂದು ಜನ ಒಯ್ಯುತ್ತಾರೆ. ಇಂಥ ಕಡೆ ತಪ್ಪು ದೀಪ ಹಾಕಿದರೆ ಅದು ನಿಮಗೆ ಸುಳ್ಳು ಹೇಳುತ್ತದೆ, ನೀವು ಅದನ್ನು ನಂಬಿ ಕೈ ಹಾಕುತ್ತೀರಿ.

ನನ್ನ ಮಟ್ಟಿಗೆ ಆಯ್ಕೆಯ ಕೀಲಿ ಒಂದೇ. ನಿಯಾನ್ ದೀಪ ‘ಇಲ್ಲಿ ವೋಲ್ಟೇಜ್ ಇದೆ’ ಎಂದಷ್ಟೇ ಹೇಳುತ್ತದೆ. ಫಿಲಮೆಂಟ್ ಬಲ್ಬ್ ‘ಈ ಲೈನು ಲೋಡ್ ಎಳೆಯುತ್ತದೆ, ಇಷ್ಟರ ಮಟ್ಟಿಗೆ ಎಳೆಯುತ್ತದೆ’ ಎನ್ನುತ್ತದೆ. ನಿಮಗೆ ಬೇಕಿರುವ ಉತ್ತರ ಯಾವುದು ಎಂದು ಗೊತ್ತಾದರೆ ದೀಪ ತಾನಾಗಿ ಆಯ್ಕೆಯಾಗುತ್ತದೆ.

ಒಳಗೆ ನಡೆಯುವುದೇನು

ಫಿಲಮೆಂಟ್ ಬಲ್ಬಿನಲ್ಲಿ ಇರುವುದು ಸುರುಳಿ ಸುತ್ತಿದ ಟಂಗ್‌ಸ್ಟನ್ ತಂತಿ. ಕರೆಂಟ್ ಹರಿದಾಗ ಅದು ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ಗೆ ಕಾಯ್ದು ಬೆಳಗುತ್ತದೆ. ಟಂಗ್‌ಸ್ಟನ್ ಕರಗುವುದು 3,422 ಡಿಗ್ರಿಯಲ್ಲಿ, ಹಾಗಾಗಿ ತಡೆದುಕೊಳ್ಳುತ್ತದೆ. ಗಮನಿಸಬೇಕಾದ ಗುಣ ಬೇರೆಯೇ ಇದೆ. 230 ವೋಲ್ಟಿನ 100 ವ್ಯಾಟ್ ಬಲ್ಬಿನ ರೆಸಿಸ್ಟೆನ್ಸ್ ಉರಿಯುವಾಗ 529 ಓಮ್. ಅದೇ ಬಲ್ಬನ್ನು ಆರಿಸಿ, ತಣ್ಣಗಾದ ಮೇಲೆ ಮಲ್ಟಿಮೀಟರ್ ಹಿಡಿದರೆ 40 ಓಮ್ ಆಸುಪಾಸು ತೋರಿಸುತ್ತದೆ. ಸ್ವಿಚ್ ಹಾಕಿದ ಕ್ಷಣ ಮಾಮೂಲಿಗಿಂತ ಹತ್ತು-ಹನ್ನೆರಡು ಪಟ್ಟು ಕರೆಂಟ್ ನುಗ್ಗುವುದು ಇದರಿಂದಲೇ. ಬಲ್ಬ್ ಸಾಮಾನ್ಯವಾಗಿ ಸ್ವಿಚ್ ಹಾಕಿದಾಗಲೇ ‘ಪಟ್’ ಎಂದು ಹೋಗುವುದಕ್ಕೂ ಕಾರಣ ಇದೇ.

ನಿಯಾನ್ ದೀಪದಲ್ಲಿ ತಂತಿಯೇ ಇಲ್ಲ. ಕಡಲೆಕಾಯಿ ಗಾತ್ರದ ಗಾಜಿನ ಕೊಳವೆ, ಒಂದನ್ನೊಂದು ಮುಟ್ಟದ ಎರಡು ಲೋಹದ ಕಡ್ಡಿ, ಸುತ್ತ ಕಡಿಮೆ ಒತ್ತಡದಲ್ಲಿ ನಿಯಾನ್ ಅನಿಲ. ಬೇಗ ಹೊತ್ತಲೆಂದು ಅದಕ್ಕೆ ಚೂರು ಆರ್ಗಾನ್. ಲಂಡನ್ನಿನಲ್ಲಿ ವಿಲಿಯಂ ರ‍್ಯಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ 1898ರಲ್ಲಿ ಕಂಡುಹಿಡಿದ ಅನಿಲ ಇದು. ಈ ಪುಟ್ಟ ದೀಪದ ರೂಪಕ್ಕೆ ಅದನ್ನು ತಂದದ್ದು 1917ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಮೆಕ್‌ಫಾರ್ಲನ್ ಮೂರ್. ಕಡ್ಡಿಗಳ ನಡುವೆ ಸುಮಾರು 65ರಿಂದ 90 ವೋಲ್ಟ್ ಬರುವವರೆಗೆ ಏನೂ ಆಗುವುದಿಲ್ಲ. ಆ ಮಟ್ಟ ದಾಟಿದೊಡನೆ ಅನಿಲ ವಾಹಕವಾಗಿ, ಕಡ್ಡಿಯನ್ನು ಅಪ್ಪಿಕೊಂಡಂತೆ ಕಿತ್ತಳೆ ಬೆಳಕು ಮೂಡುತ್ತದೆ. ಒಮ್ಮೆ ಹೊತ್ತಿದ ಮೇಲೆ ಅದಕ್ಕೆ 55-60 ವೋಲ್ಟ್ ಸಾಕು. ಉಳಿದ ವೋಲ್ಟೇಜನ್ನು ತಡೆಯಲು ಯಾರೂ ಇಲ್ಲದಿದ್ದರೆ ಕರೆಂಟ್ ಏರುತ್ತಲೇ ಹೋಗಿ ದೀಪ ಒಡೆಯುತ್ತದೆ. ಅದಕ್ಕೇ ನಿಯಾನ್ ಜೊತೆ ಸೀರೀಸ್‌ನಲ್ಲಿ, ಅಂದರೆ ಅದೇ ದಾರಿಯಲ್ಲಿ ಒಂದರ ಹಿಂದೊಂದಾಗಿ, ಕರೆಂಟ್ ತಡೆಯುವ ರೆಸಿಸ್ಟರ್ ಇರಲೇಬೇಕು. 230 ವೋಲ್ಟಿಗೆ 220 ಕಿಲೋ ಓಮ್ ಹಾಕಿದರೆ ಹರಿಯುವ ಕರೆಂಟ್ ಒಂದು ಮಿಲಿಆಂಪಿಗಿಂತ ಕಡಿಮೆ.

ಒಂದು ಸ್ವಾರಸ್ಯ: ಎಸಿ ಕೊಟ್ಟರೆ ಎರಡೂ ಕಡ್ಡಿ ಬೆಳಗುತ್ತವೆ, ಡಿಸಿ ಕೊಟ್ಟರೆ ಮೈನಸ್ ಕಡೆಯದು ಮಾತ್ರ. ಸೋಲಾರ್ ಪ್ಯಾನೆಲ್ ಸಾಲಿನಂಥ ನೂರಾರು ವೋಲ್ಟಿನ ಡಿಸಿ ಇದ್ದಲ್ಲಿ ಮೀಟರ್ ಇಲ್ಲದೆಯೂ ಮೈನಸ್ ಯಾವುದೆಂದು ಇದು ತೋರಿಸುತ್ತದೆ.

ಮೊದಲ ಜರಡಿ ವೋಲ್ಟೇಜ್

ಗಾಡಿಯ 12 ವೋಲ್ಟ್, ಲಾರಿಯ 24, ಟಾರ್ಚಿನ 3 ವೋಲ್ಟ್ ಇಲ್ಲೆಲ್ಲ ನಿಯಾನ್ ಹೊತ್ತುವುದೇ ಇಲ್ಲ. ಅಲ್ಲಿ ಫಿಲಮೆಂಟ್ ಇಲ್ಲವೇ ಎಲ್‌ಇಡಿ. ಹಳೆಯ ಗಾಡಿಗಳಲ್ಲಿ ಇಂಡಿಕೇಟರಿನ ಫ್ಲಾಷರ್ ಬಲ್ಬು ಎಳೆಯುವ ಕರೆಂಟಿನ ಲೆಕ್ಕದಲ್ಲೇ ಕೆಲಸ ಮಾಡುತ್ತದೆ. 21 ವ್ಯಾಟಿನ ಬಲ್ಬ್ ತೆಗೆದು ಎಲ್‌ಇಡಿ ಹಾಕಿದರೆ ಟಕಟಕ ಎಂದು ಓಡತೊಡಗುತ್ತದೆ. ಫ್ಲಾಷರನ್ನೂ ಬದಲಿಸುವ ಮನಸ್ಸಿಲ್ಲದಿದ್ದರೆ ಫಿಲಮೆಂಟೇ ಇರಲಿ.

230 ವೋಲ್ಟಿನಲ್ಲಿ ಎರಡೂ ನಡೆಯುತ್ತವೆ. ನಿಜವಾದ ಆಯ್ಕೆ ಶುರುವಾಗುವುದು ಇಲ್ಲಿಂದ.

ಟೆಸ್ಟರ್ ಒಂದು ಹೇಳುತ್ತದೆ, ಟೆಸ್ಟ್ ಲ್ಯಾಂಪ್ ಇನ್ನೊಂದು

ಎಲ್ಲರ ಮನೆಯಲ್ಲೂ ಇರುವ ಟೆಸ್ಟರ್ ಸ್ಕ್ರೂಡ್ರೈವರ್ ಒಳಗಿರುವುದು ನಿಯಾನ್, ಒಂದು ಮೆಗಾ ಓಮ್ ಆಸುಪಾಸಿನ ರೆಸಿಸ್ಟರ್, ಮತ್ತೆ ನಿಮ್ಮ ಮೈ. ಕಾಲು ಮಿಲಿಆಂಪಿಗಿಂತ ಕಡಿಮೆ ಕರೆಂಟ್ ನಿಮ್ಮ ಮೂಲಕವೇ ನೆಲಕ್ಕೆ ಇಳಿದು ದೀಪ ಹೊತ್ತುತ್ತದೆ. ಇಷ್ಟು ಸಣ್ಣ ಕರೆಂಟಿಗೆ ಹೊತ್ತುವುದೇ ಅದರ ಶಕ್ತಿ, ಅದೇ ಅದರ ದೌರ್ಬಲ್ಯ.

ಮನೆಯಲ್ಲಿ ನ್ಯೂಟ್ರಲ್ ಎಲ್ಲೋ ಕಡಿದಿದೆ ಎಂದುಕೊಳ್ಳಿ. ಫ್ಯಾನಿನ ಸ್ವಿಚ್ ಆನ್ ಇದೆ. ಫೇಸ್ ಫ್ಯಾನಿನ ವೈಂಡಿಂಗ್ ದಾಟಿ ನ್ಯೂಟ್ರಲ್ ತಂತಿಗೆ ಬಂದು ಅಲ್ಲೇ ನಿಂತಿರುತ್ತದೆ. ಈಗ ಸಾಕೆಟ್ಟಿನ ಎರಡೂ ತೂತಿಗೆ ಟೆಸ್ಟರ್ ಇಟ್ಟರೆ ಎರಡರಲ್ಲೂ ಉರಿಯುತ್ತದೆ. ‘ಎರಡರಲ್ಲೂ ಕರೆಂಟ್ ಇದೆ, ಆದರೆ ಏನೂ ಓಡುತ್ತಿಲ್ಲ’ ಎಂದು ಜನ ತಬ್ಬಿಬ್ಬಾಗುವುದು ಇಲ್ಲೇ. ಹೋಲ್ಡರಿಗೆ ಎರಡು ವಯರ್ ಕಟ್ಟಿದ 40 ವ್ಯಾಟಿನ ಬಲ್ಬನ್ನು (ಟೆಸ್ಟ್ ಲ್ಯಾಂಪ್ ಎಂದರೆ ಇದೇ) ಅದೇ ಎರಡು ತೂತಿನ ನಡುವೆ ಹಿಡಿದರೆ ಉರಿಯುವುದಿಲ್ಲ. ನ್ಯೂಟ್ರಲ್ ಹೋಗಿದೆ ಎಂದು ಅಲ್ಲಿಗೆ ತೀರ್ಮಾನ.

ಇನ್ನೊಂದು ಬಗೆಯ ಮೋಸವೂ ಇದೆ. ಒಂದೇ ಪೈಪಿನಲ್ಲಿ ಉದ್ದಕ್ಕೂ ಹೋಗಿರುವ ವಯರುಗಳಲ್ಲಿ ಒಂದು ಲೈವ್ ಇದ್ದು ಪಕ್ಕದ್ದು ಎಲ್ಲೂ ಸೇರದೆ ತೂಗಾಡುತ್ತಿದ್ದರೆ, ಆ ಸತ್ತ ವಯರಿನಲ್ಲೂ ಟೆಸ್ಟರ್ ಮಿಣುಕುತ್ತದೆ. ಡಿಜಿಟಲ್ ಮಲ್ಟಿಮೀಟರ್ ಕೂಡ ಅಲ್ಲಿ ಎಂಬತ್ತೋ ತೊಂಬತ್ತೋ ವೋಲ್ಟ್ ತೋರಿಸಿ ತಲೆ ಕೆಡಿಸುತ್ತದೆ. ಫಿಲಮೆಂಟ್ ಬಲ್ಬ್ ಕಟ್ಟಿದೊಡನೆ ಆ ವೋಲ್ಟೇಜ್ ಕುಸಿದು ಹೋಗುತ್ತದೆ.

ಹಾಗೆಂದು ಟೆಸ್ಟ್ ಲ್ಯಾಂಪ್ ಎಲ್ಲೆಡೆ ಹಿಡಿಯುವಂತಿಲ್ಲ. ಫೇಸ್ ಮತ್ತು ಅರ್ತ್ ನಡುವೆ 60 ವ್ಯಾಟಿನ ಬಲ್ಬ್ ಹಿಡಿದರೆ 260 ಮಿಲಿಆಂಪ್ ಅರ್ತಿಗೆ ಹೋಗುತ್ತದೆ. ಅರ್ತಿಗೆ ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ತಕ್ಷಣ ಬೀಳುತ್ತದೆ. ಅದು ಬೀಳುವುದೇ ಸರಿ, ಹೆದರಬೇಕಿಲ್ಲ. ಎರಡು ಫೇಸ್ ನಡುವೆ 415 ವೋಲ್ಟ್ ಇರುವುದರಿಂದ ಒಂದೇ ಬಲ್ಬ್ ಹಿಡಿದರೆ ಅದು ಕೈಯಲ್ಲೇ ಸಿಡಿಯಬಹುದು. ಅದಕ್ಕೇ ಎಲೆಕ್ಟ್ರೀಷಿಯನ್‌ಗಳು ಒಂದೇ ವ್ಯಾಟಿನ ಎರಡು ಬಲ್ಬನ್ನು ಸೀರೀಸ್ ಕಟ್ಟಿಟ್ಟುಕೊಂಡಿರುತ್ತಾರೆ. ಒಂದೇ ವ್ಯಾಟ್ ಎಂಬುದು ಮುಖ್ಯ: ಒಂದು 15, ಇನ್ನೊಂದು 100 ಇದ್ದರೆ ವೋಲ್ಟೇಜ್ ಬಹುಪಾಲು 15ರ ಮೇಲೆ ಬಿದ್ದು ಅದು ಹೋಗುತ್ತದೆ. ಬರಿಗಾಲಲ್ಲಿ, ಬರೀ ವಯರ್ ತುದಿಯಲ್ಲಿ ಹಿಡಿಯುವ ಚಾಳಿ ಇದ್ದವರು ಟೆಸ್ಟ್ ಲ್ಯಾಂಪಿನ ಸಹವಾಸಕ್ಕೆ ಹೋಗದಿರುವುದೇ ಲೇಸು.

ಸುಮ್ಮನೆ ಫೇಸ್ ಯಾವುದು ಎಂದು ನೋಡಲು ಟೆಸ್ಟರ್ ಸಾಕು. ಲೈನಿನಲ್ಲಿ ಕರೆಂಟ್ ಇಲ್ಲ ಎಂದು ಖಚಿತ ಮಾಡಿಕೊಂಡು ಕೈ ಹಾಕಬೇಕಾದಾಗ ಟೆಸ್ಟರೊಂದನ್ನೇ ನಂಬಬೇಡಿ. ಬಿಸಿಲಲ್ಲಿ ಅದರ ಬೆಳಕು ಕಾಣುವುದೂ ಇಲ್ಲ.

ಪಂಪ್‌ಸೆಟ್ ಬೋರ್ಡಿನ ಮೂರು ದೀಪ

ನಿಯಾನ್ ಬೇಡವೇ ಬೇಡ ಎಂದು ನಾನು ಹಟ ಹಿಡಿಯುವ ಜಾಗ ತೋಟದ ಸ್ಟಾರ್ಟರ್ ಬೋರ್ಡ್. ತ್ರೀ ಫೇಸ್ ಕರೆಂಟ್ ಪಾಳಿಯಲ್ಲಿ ಬರುವ ಊರುಗಳಲ್ಲಿ ರೈತರು ಬೋರ್ಡಿನ ಮೂರು ದೀಪ ನೋಡಿಯೇ ಮೋಟರ್ ಹಾಕುವುದು. ಆ ಮೂರು ದೀಪ ನಿಯಾನ್ ಆಗಿದ್ದರೆ ಏನಾಗುತ್ತದೆ ನೋಡಿ.

ಊರಿನ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) 11 ಕೆವಿ ಲೈನಿನಿಂದ ಮೂರು ಫೇಸ್ ಬರುತ್ತವೆ. ಅದರಲ್ಲೊಂದು ಹೆಚ್‌ಟಿ (ಹೈ ಟೆನ್ಷನ್) ಫ್ಯೂಸ್ ಹೋಯಿತು ಎನ್ನಿ. ಟಿಸಿಯ ಹೆಚ್‌ಟಿ ಕಡೆ ವೈಂಡಿಂಗ್ ಡೆಲ್ಟಾ, ಅಂದರೆ ಎರಡೆರಡು ಫೇಸಿನ ನಡುವೆ ಒಂದೊಂದು; ನಮ್ಮ ಕಡೆ ಸ್ಟಾರ್, ಅಂದರೆ ಮೂರರ ಒಂದೊಂದು ತುದಿ ನ್ಯೂಟ್ರಲಿಗೆ ಸೇರಿದ್ದು. ಉಳಿದ ಎರಡು ಫೇಸಿನ ನಡುವಿನ ವೈಂಡಿಂಗಿಗೆ ಪೂರ್ತಿ ವೋಲ್ಟೇಜ್ ಸಿಗುತ್ತದೆ, ಮಿಕ್ಕ ಎರಡೂ ಸೀರೀಸ್ ಆಗಿ ತಲಾ ಅರ್ಧ ಹಂಚಿಕೊಳ್ಳುತ್ತವೆ. ಪರಿಣಾಮ, ತೋಟಕ್ಕೆ ಬರುವ ಮೂರು ಫೇಸಿನಲ್ಲಿ ಒಂದರಲ್ಲಿ 230, ಎರಡರಲ್ಲಿ 115 ವೋಲ್ಟ್. ನಿಯಾನಿಗೆ ಹೊತ್ತಲು ಅಷ್ಟು ಧಾರಾಳ. ಮೂರೂ ಕಿತ್ತಳೆ ಬಣ್ಣದಲ್ಲಿ ನಗುತ್ತಿರುತ್ತವೆ, ಎರಡು ಚೂರು ಮಂಕಾಗಿದ್ದರೂ ಹಗಲಿನಲ್ಲಿ ಯಾರ ಕಣ್ಣಿಗೆ ಬೀಳಬೇಕು? ಸ್ಟಾರ್ಟರ್ ಎಳೆದರೆ ಮೋಟರ್ ಗುಂಯ್ ಎಂದು ನಿಲ್ಲುತ್ತದೆ, ಬಿಡದೆ ಒತ್ತಿ ಹಿಡಿದರೆ ವೈಂಡಿಂಗ್ ಸುಡುತ್ತದೆ.

ಅಲ್ಲಿ ಫಿಲಮೆಂಟ್ ಬಲ್ಬ್ ಇದ್ದಿದ್ದರೆ? ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು ಮೂರೂವರೆ ಘಾತದಂತೆ ಬದಲಾಗುತ್ತದೆ. ವೋಲ್ಟೇಜ್ ಅರ್ಧವಾದರೆ ಬೆಳಕು ಹತ್ತರಲ್ಲೊಂದು ಪಾಲಿಗೂ ಕಡಿಮೆ. ತಂತಿ ಕೆಂಡದಂತೆ ಕೆಂಪಗೆ ಕಾಣುತ್ತದೆ ಅಷ್ಟೇ. ಒಂದು ಬೆಳ್ಳಗೆ, ಎರಡು ಕೆಂಪಗೆ. ಬದುವಿನ ಮೇಲಿಂದ ನೋಡಿದರೂ ತಿಳಿಯುತ್ತದೆ. ಮೂರೂ ಫೇಸಿನಲ್ಲಿ ಲೋ ವೋಲ್ಟೇಜ್ ಇದ್ದರೂ ಇದು ಹೇಳುತ್ತದೆ: 180 ವೋಲ್ಟಿನಲ್ಲಿ ಬಲ್ಬಿನ ಬೆಳಕು ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ನಿಯಾನಿಗೆ 180 ಮತ್ತು 230ರ ವ್ಯತ್ಯಾಸ ತೋರಿಸುವಷ್ಟು ಸೂಕ್ಷ್ಮವಿಲ್ಲ.

ಬೋರ್ಡಿಗೆ ನ್ಯೂಟ್ರಲ್ ಬಂದಿರದಿದ್ದರೆ ಒಂದೇ ವ್ಯಾಟಿನ ಮೂರು ಬಲ್ಬಿನ ಒಂದೊಂದು ತುದಿಯನ್ನು ಒಟ್ಟಿಗೆ ಸೇರಿಸಿ ಸ್ಟಾರ್ ಕಟ್ಟಬಹುದು; ಆಗಲೂ ಮೇಲೆ ಹೇಳಿದ ಲೆಕ್ಕ ಹೆಚ್ಚುಕಡಿಮೆ ನಡೆಯುತ್ತದೆ. ಆದರೆ ಒಂದು ಎಚ್ಚರಿಕೆ. ಮೋಟರ್ ಓಡುತ್ತಿರುವಾಗಲೇ ಒಂದು ಫೇಸ್ ಕಡಿದರೆ, ಓಡುವ ಮೋಟರೇ ಆ ಖಾಲಿ ಫೇಸಿಗೆ ವೋಲ್ಟೇಜ್ ಹುಟ್ಟಿಸಿ ಕೊಡುತ್ತದೆ. ಆಗ ನಿಯಾನೂ ಉರಿಯುತ್ತದೆ, ಫಿಲಮೆಂಟೂ ಉರಿಯುತ್ತದೆ, ಮೋಟರ್ ಒಳಗೊಳಗೇ ಬೇಯುತ್ತಿರುತ್ತದೆ. ಅದನ್ನು ದೀಪದಿಂದ ಕಾಯಲಾಗದು, ಫೇಸ್ ಕಡಿದೊಡನೆ ಮೋಟರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಬೇಕು.

ಹಳ್ಳಿಯ ಲೈನಿನಲ್ಲಿ ಬಲ್ಬಿಗೆ ಇನ್ನೊಂದು ಕಂಟಕ ರಾತ್ರಿಯ ಹೈ ವೋಲ್ಟೇಜ್. ವೋಲ್ಟೇಜ್ 260ಕ್ಕೆ ಏರಿದರೆ ಸಾವಿರ ಗಂಟೆ ಬಾಳಬೇಕಾದ ಬಲ್ಬ್ ಇನ್ನೂರು ಗಂಟೆಗೆ ಹೋಗುತ್ತದೆ. ಉಲ್ಟಾ ಲೆಕ್ಕವೂ ಅಷ್ಟೇ ನಿಜ: ಶೇ 5ರಷ್ಟು ಕಡಿಮೆ ವೋಲ್ಟೇಜಿನಲ್ಲಿ ಉರಿಸಿದರೆ ಬೆಳಕು ಶೇ 16ರಷ್ಟು ಕುಗ್ಗುತ್ತದೆ, ಬಾಳಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇಂಡಿಕೇಟರ್ ಆಗಿ ಬಳಸುವವರಿಗೆ ಇದು ಲಾಭದ ವ್ಯಾಪಾರ. ಅಂಗಡಿಯಲ್ಲಿ 240 ಅಥವಾ 250 ವೋಲ್ಟ್ ಎಂದು ಬರೆದ ಬಲ್ಬ್ ಸಿಕ್ಕರೆ ಬೋರ್ಡಿಗೆ ಅದನ್ನೇ ತನ್ನಿ.

ಸೀರೀಸ್ ಬೋರ್ಡ್: ಬಲ್ಬಿಗೆ ಬದಲಿಯೇ ಇಲ್ಲದ ಕಡೆ

ಟಿವಿ, ಆಂಪ್ಲಿಫೈಯರ್, ಚಾರ್ಜರ್ ರಿಪೇರಿ ಮಾಡುವವರ ಮೇಜಿನ ಮೇಲೆ ಒಂದು ಹಳೆಯ ಗುಂಡು ಬಲ್ಬ್ ಇದ್ದೇ ಇರುತ್ತದೆ. ಫೇಸ್ ನೇರವಾಗಿ ಸಾಕೆಟ್ಟಿಗೆ ಹೋಗದೆ ಈ ಬಲ್ಬ್ ದಾಟಿ ಹೋಗುತ್ತದೆ. ರಿಪೇರಿ ಮಾಡಿದ ಸೆಟ್ಟನ್ನು ಮೊದಲು ಈ ಸಾಕೆಟ್ಟಿಗೆ ಸಿಕ್ಕಿಸಿ ನೋಡುತ್ತಾರೆ. ಒಳಗೆ ಶಾರ್ಟ್ ಇದ್ದರೆ ಪೂರ್ತಿ 230 ವೋಲ್ಟ್ ಬಲ್ಬಿನ ಮೇಲೆ ಬಿದ್ದು ಅದು ಝಗ್ಗನೆ ಉರಿಯುತ್ತದೆ. 100 ವ್ಯಾಟಿನದಾದರೆ ಹರಿಯುವ ಕರೆಂಟ್ 0.43 ಆಂಪ್ ದಾಟುವುದಿಲ್ಲ, ಹೊಸದಾಗಿ ಹಾಕಿದ ಮಾಸ್ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಉಳಿದುಕೊಳ್ಳುತ್ತದೆ. ಸೆಟ್ ಸರಿಯಿದ್ದರೆ ಕೆಪಾಸಿಟರ್ ತುಂಬುವಾಗ ಬಲ್ಬ್ ಒಮ್ಮೆ ಮಿಂಚಿ ಮಂಕಾಗುತ್ತದೆ. ಮಿಂಚದೇ ಇದ್ದರೆ ಫ್ಯೂಸೋ ವಯರೋ ಕಡಿದಿದೆ.

ಇಷ್ಟು ಮಾತಾಡಲು ಬಲ್ಬಿಗೆ ಸಾಧ್ಯವಾದದ್ದು ಆ 40 ಓಮ್–529 ಓಮಿನ ಆಟದಿಂದ. ಕಡಿಮೆ ಕರೆಂಟಿಗೆ ಅಡ್ಡಿ ಮಾಡುವುದಿಲ್ಲ, ಹೆಚ್ಚಾದರೆ ತಾನೇ ಕಾಯ್ದು ತಡೆಗೋಡೆಯಾಗುತ್ತದೆ. ಎಲ್‌ಇಡಿ ಬಲ್ಬಿಗೆ ಈ ಗುಣವಿಲ್ಲ. ನಿಯಾನ್ ಒಂದು ಮಿಲಿಆಂಪ್ ಕೂಡ ಬಿಡದು. ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಮೊದಲ ಸರಕಾದ 200ಎ ಆಸಿಲೇಟರಿನಲ್ಲಿ (ಸಿಗ್ನಲ್ ಹುಟ್ಟಿಸುವ ಉಪಕರಣದಲ್ಲಿ) ವಿಲಿಯಂ ಹ್ಯೂಲೆಟ್ ಬಳಸಿಕೊಂಡದ್ದೂ ಇದೇ ಗುಣವನ್ನು: ಸಿಗ್ನಲ್ ಏರಿದರೆ ಪುಟ್ಟ ಬಲ್ಬಿನ ತಂತಿ ಕಾಯ್ದು ಅದನ್ನು ಹದಕ್ಕೆ ಇಳಿಸುತ್ತಿತ್ತು. ಬೆಳಕಿನ ಉಪಯೋಗ ಅಲ್ಲಿ ಸೊನ್ನೆ.

ಚಾರ್ಜರ್, ಎಲ್‌ಇಡಿ ಡ್ರೈವರಿಗೆ 40 ಅಥವಾ 60 ವ್ಯಾಟ್, ಟಿವಿಗೆ 100, ದೊಡ್ಡ ಆಂಪ್ಲಿಫೈಯರಿಗೆ 200 ಇಟ್ಟುಕೊಳ್ಳಿ. ಇಸ್ತ್ರಿ ಪೆಟ್ಟಿಗೆ, ಗೀಸರ್ ಇವುಗಳಿಗೆ ಈ ಪರೀಕ್ಷೆ ನಡೆಯದು: 1,000 ವ್ಯಾಟಿನ ಕಾಯಿಲ್ ಬರೀ 53 ಓಮ್, ಅದು ನೆಟ್ಟಗಿದ್ದರೂ ಬಲ್ಬ್ ಹೆಚ್ಚುಕಡಿಮೆ ಪೂರ್ತಿಯೇ ಉರಿದು ಶಾರ್ಟ್ ಎಂಬ ಭ್ರಮೆ ಹುಟ್ಟಿಸುತ್ತದೆ.

ನಿಯಾನ್ ಗೆಲ್ಲುವ ಕಡೆ

ಹಗಲೂ ರಾತ್ರಿ ಉರಿಯಬೇಕು, ಯಾರೂ ಬಿಚ್ಚಿ ಬದಲಿಸಬಾರದು, ಬಿಸಿಯಾಗಬಾರದು. ಹೀಗಿದ್ದಲ್ಲಿ ನಿಯಾನ್ ಹಾಕಿ, ಮರೆತುಬಿಡಿ. ಸ್ವಿಚ್‌ಬೋರ್ಡಿನ ಇಂಡಿಕೇಟರ್, ಎಕ್ಸ್‌ಟೆನ್ಷನ್ ಬಾಕ್ಸ್, ಕತ್ತಲಲ್ಲಿ ಬೆಲ್ಲಿನ ಗುಂಡಿ ತೋರಿಸುವ ಚುಕ್ಕಿ ಎಲ್ಲಕ್ಕೂ ಅದು ಸರಿ. ಸಾಮಾನ್ಯ ನಿಯಾನ್ ದೀಪ 25,000 ಗಂಟೆ ಬಾಳುತ್ತದೆ. ಬಲ್ಬಿನಂತೆ ಒಮ್ಮೆಲೇ ಹೋಗುವುದಿಲ್ಲ. ಕಡ್ಡಿಯ ಲೋಹ ಚಿಮ್ಮಿ ಗಾಜಿನ ಒಳಮೈ ಕಪ್ಪಾಗುತ್ತ, ಹೊತ್ತಲು ಬೇಕಾದ ವೋಲ್ಟೇಜ್ ಏರುತ್ತ, ಕೊನೆಗೆ ಮಿಟುಕಲು ಶುರುಮಾಡುತ್ತದೆ. ಸ್ವಿಚ್‌ಬೋರ್ಡಿನ ಇಂಡಿಕೇಟರ್ ನಡುಗುತ್ತಿದ್ದರೆ ವೈರಿಂಗ್ ಹಾಳಾಗಿದೆ ಎಂದು ಗಾಬರಿಯಾಗಬೇಡಿ, ಆಯಸ್ಸು ಮುಗಿದ ನಿಯಾನ್ ಅಷ್ಟೇ.

ಖರ್ಚಿನ ಲೆಕ್ಕ ನೋಡಬೇಕೆಂದರೆ ‘ಜೀರೋ ಬಲ್ಬ್’ ತೆಗೆದುಕೊಳ್ಳಿ. ಸೊನ್ನೆ ವ್ಯಾಟ್ ಎಂಬ ನಂಬಿಕೆಯಲ್ಲಿ ಮಲಗುವ ಕೋಣೆಯಲ್ಲೂ ದೇವರ ಗೂಡಿನಲ್ಲೂ ಉರಿಯುವ ಈ ಫಿಲಮೆಂಟ್ ಬಲ್ಬ್ ನಿಜಕ್ಕೂ 12ರಿಂದ 15 ವ್ಯಾಟ್ ಎಳೆಯುತ್ತದೆ. ದಿನಕ್ಕೆ ಹತ್ತು ಗಂಟೆಯಂತೆ ತಿಂಗಳಿಗೆ ಮೂರೂವರೆಯಿಂದ ನಾಲ್ಕೂವರೆ ಯೂನಿಟ್. ಅರ್ಧ ವ್ಯಾಟಿನ ನಿಯಾನ್ ಇಪ್ಪತ್ನಾಲ್ಕು ಗಂಟೆ ಉರಿದರೂ ತಿಂಗಳಿಗೆ 0.36 ಯೂನಿಟ್. ನಿಯಾನಿನ ಬೆಳಕಲ್ಲಿ ಚಪ್ಪಲಿ ಹುಡುಕಲಾಗದು ಎಂಬುದೂ ಸತ್ಯ. ರಾತ್ರಿ ಎದ್ದು ಓಡಾಡುವ ಮನೆಗೆ ಅರ್ಧ ವ್ಯಾಟಿನ ಎಲ್‌ಇಡಿ ನೈಟ್ ಲ್ಯಾಂಪ್ ಎರಡಕ್ಕಿಂತ ಮೇಲು.

ಅದುರುವ ಯಂತ್ರದ ಮೇಲೂ ನಿಯಾನೇ ಸರಿ. ಹಿಟ್ಟಿನ ಗಿರಣಿಯ ಮೋಟರ್ ಪಕ್ಕದ ಬೋರ್ಡಿನಲ್ಲಿ ಕಾದು ಮೆದುವಾದ ಟಂಗ್‌ಸ್ಟನ್ ಸುರುಳಿ ಹೆಚ್ಚು ದಿನ ನಿಲ್ಲುವುದಿಲ್ಲ.

ಬಣ್ಣದ ವಿಚಾರದಲ್ಲಿ ನಿಯಾನ್ ಮೊಂಡು. ಅದರ ಬೆಳಕು ಕಿತ್ತಳೆ-ಕೆಂಪಿನದು. ಹಸಿರು ಅಥವಾ ನೀಲಿ ಕ್ಯಾಪ್ ಮುಚ್ಚಿದರೆ ಕತ್ತಲಾಗುತ್ತದೆ. ಗಾಜಿಗೆ ಫಾಸ್ಫರ್ ಬಳಿದ ಹಸಿರು ದೀಪಗಳು ಬೇರೆಯಾಗಿಯೇ ಸಿಗುತ್ತವೆ. ಫಿಲಮೆಂಟಿನ ಬೆಳಕಿನಲ್ಲಿ ಎಲ್ಲ ಬಣ್ಣವೂ ಇರುವುದರಿಂದ ಯಾವ ಕ್ಯಾಪ್ ಹಾಕಿದರೂ ನಡೆಯುತ್ತದೆ, ನೀಲಿ ಮಾತ್ರ ಸ್ವಲ್ಪ ಸಪ್ಪೆ.

ಇಂಡಿಕೇಟರ್ ಇರುವ ಸ್ವಿಚ್ಚಿಗೆ ಎಲ್‌ಇಡಿ ಬಲ್ಬ್ ಕಟ್ಟಿದವರಿಗೆ ಒಂದು ಮಾತು. ಕೆಲವು ಸ್ವಿಚ್ಚುಗಳಲ್ಲಿ ನಿಯಾನ್ ಸ್ವಿಚ್ಚಿನ ಎರಡು ತುದಿಗೇ ಕಟ್ಟಿರುತ್ತದೆ. ಸ್ವಿಚ್ ಆಫ್ ಇದ್ದಾಗ ನಿಯಾನಿನ ಚೂರು ಕರೆಂಟ್ ಬಲ್ಬಿನ ಮೂಲಕವೇ ಹಾಯುತ್ತದೆ. ಗುಂಡು ಬಲ್ಬ್ ಇದ್ದಾಗ ಅದು ಲೆಕ್ಕಕ್ಕೇ ಇರಲಿಲ್ಲ. ಎಲ್‌ಇಡಿಯೊಳಗಿನ ಕೆಪಾಸಿಟರ್ ಮಾತ್ರ ಅದನ್ನೇ ಕೂಡಿಸಿಕೊಂಡು ರಾತ್ರಿಯಿಡೀ ಆಗಾಗ ಮಿನುಗುತ್ತದೆ. ದೆವ್ವವೂ ಅಲ್ಲ, ಲೀಕೇಜೂ ಅಲ್ಲ. ಇಂಡಿಕೇಟರ್ ಇಲ್ಲದ ಸ್ವಿಚ್ ಹಾಕಿದರೆ ನಿಲ್ಲುತ್ತದೆ.

ಇಸ್ತ್ರಿ ಪೆಟ್ಟಿಗೆ, ಕೋಳಿಮರಿ, ಕೆಫೆಯ ಬೋರ್ಡು

ಕೆಲವು ಹಳೆಯ ಇಸ್ತ್ರಿ ಪೆಟ್ಟಿಗೆಗಳಲ್ಲಿ ಟಾರ್ಚಿನಂಥ ಪುಟ್ಟ ಫಿಲಮೆಂಟ್ ಬಲ್ಬನ್ನು ಕಾಯಿಲ್ ಜೊತೆ ಸೀರೀಸ್ ಇರುವ ಒಂದು ಲೋಹದ ಪಟ್ಟಿಗೆ ಅಡ್ಡಲಾಗಿ ಕಟ್ಟಿರುತ್ತಿದ್ದರು. ಕಾಯಿಲ್ ಮೂಲಕ ಕರೆಂಟ್ ಹರಿದರೆ ಮಾತ್ರ ಆ ಬಲ್ಬ್ ಉರಿಯುತ್ತಿತ್ತು. ಈಗಿನವುಗಳಲ್ಲಿ ನಿಯಾನೋ ಎಲ್‌ಇಡಿಯೋ ಕಾಯಿಲಿನ ಎರಡು ತುದಿಗೆ ಇರುತ್ತದೆ. ಕಾಯಿಲ್ ಕಡಿದಿದ್ದರೂ ಅದು ಬೆಳಗುತ್ತದೆ. ದೀಪ ಉರಿಯುತ್ತಿದೆ, ಪೆಟ್ಟಿಗೆ ಕಾಯುತ್ತಿಲ್ಲ ಎಂದರೆ ಥರ್ಮೋಸ್ಟ್ಯಾಟನ್ನು ಬಿಟ್ಟು ಮೊದಲು ಕಾಯಿಲ್ ನೋಡಿ.

ಮರಿ ಸಾಕುವವರಿಗೆ ಫಿಲಮೆಂಟ್ ಬಲ್ಬ್ ಎಂದರೆ ಒಲೆ. ಎಳೆ ಕೋಳಿಮರಿಗೆ ಮೊದಲ ವಾರ 33-35 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸುತ್ತಾರೆ. ಮರಿಗೆ ಎರಡು ವ್ಯಾಟಿನಂತೆ ಬಲ್ಬ್ ಇಡುವುದು ರೂಢಿ. 100 ವ್ಯಾಟಿನದು ಒಂದಕ್ಕಿಂತ 40 ಅಥವಾ 60ರದು ಎರಡು-ಮೂರು ಇಡಿ, ರಾತ್ರಿ ಒಂದು ಹೋದರೂ ಮರಿಗಳು ಬದುಕುತ್ತವೆ.

ಕೆಫೆ, ಮದುವೆ ಮಂಟಪಗಳಲ್ಲಿ ಹೆಸರು ಬರೆದು ತೂಗುಹಾಕುವ ‘ನಿಯಾನ್’ ಬೋರ್ಡು ಈಗ ಬಹುಪಾಲು ಸಿಲಿಕೋನ್ ಪಟ್ಟಿಯೊಳಗಿನ 12 ವೋಲ್ಟಿನ ಎಲ್‌ಇಡಿ. ಜಾರ್ಜ್ ಕ್ಲಾಡ್ 1910ರಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ತೋರಿಸಿದ ಗಾಜಿನ ಕೊಳವೆಗೆ ಸಾವಿರಾರು ವೋಲ್ಟಿನ ಟ್ರಾನ್ಸ್‌ಫಾರ್ಮರ್ ಬೇಕು, ಗಾಜು ಬಗ್ಗಿಸುವ ಕೈ ಬೇಕು. ಮನೆಗೆ ಎಲ್‌ಇಡಿಯದ್ದೇ ಸಾಕು, ಆದರೆ ಗಾಜಿನ ನಿಯಾನಿನ ಬೆಲೆ ಕೊಡಬೇಡಿ.

ಅಂಗಡಿಯಲ್ಲಿ ಕೇಳುವಾಗ

ಫಿಲಮೆಂಟ್ ಬಲ್ಬಿಗೆ ವೋಲ್ಟ್, ವ್ಯಾಟ್, ಹೋಲ್ಡರ್ ಪಿನ್ನಿನದೋ ತಿರುಪಿನದೋ ಎಂಬ ಮೂರನ್ನು ಹೇಳಿ. ಪ್ಯಾನೆಲ್ ಬೋರ್ಡಿನ ಚಿಕ್ಕ ಬಲ್ಬಾದರೆ ಹಳೆಯದನ್ನೇ ಜೇಬಿನಲ್ಲಿ ಹಾಕಿಕೊಂಡು ಹೋಗಿ. ನೋಡಲು ಒಂದೇ ಥರ ಇರುವ 6, 12, 24 ವೋಲ್ಟಿನವು ಒಂದೇ ಡಬ್ಬಿಯಲ್ಲಿ ಬೆರೆತಿರುತ್ತವೆ.

ನಿಯಾನ್ ಕೇಳುವಾಗ ರೆಸಿಸ್ಟರ್ ಒಳಗಿದೆಯೇ ಎಂದು ಕೇಳಲೇಬೇಕು. ಸ್ವಿಚ್ ಪ್ಲೇಟಿಗೆ ಕೂರುವ, 230 ವೋಲ್ಟ್ ಎಂದು ಅಚ್ಚಾದ ಇಂಡಿಕೇಟರಿನಲ್ಲಿ ಇರುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಬಿಡಿಯಾಗಿ ಸಿಗುವ, ಎರಡು ಕಾಲಿನ ಎನ್‌ಇ-2 ಮಾದರಿಯ ಗಾಜಿನ ದೀಪದಲ್ಲಿ ಇರುವುದಿಲ್ಲ. ನೇರ 230ಕ್ಕೆ ಕೊಟ್ಟರೆ ಸಿಡಿಯುತ್ತದೆ. ಜೊತೆಗೆ 220 ಕಿಲೋ ಓಮಿನ ರೆಸಿಸ್ಟರ್ ತನ್ನಿ. ಬಿಸಿಯ ಲೆಕ್ಕದಲ್ಲಿ ಕಾಲು ವ್ಯಾಟಿನದೇ ಸಾಕು, ಆದರೆ ಅದು ತಾಳುವ ವೋಲ್ಟೇಜ್ 250ರ ಸುತ್ತಮುತ್ತ; 230 ವೋಲ್ಟ್ ಎಸಿಯ ತುದಿ 325 ಮುಟ್ಟುತ್ತದೆ. ಅರ್ಧ ವ್ಯಾಟಿನದನ್ನೇ ತೆಗೆದುಕೊಂಡು, ಫೇಸ್ ಬರುವ ಕಾಲಿಗೆ ಬೆಸೆದು, ಮೇಲೆ ಸ್ಲೀವ್ ಹಾಕಿ.